ಒಮ್ಮೆ ಇಳಿಸಿದ ಗೇರ್‌ಬಾಕ್ಸ್

ಗ್ಯಾರೇಜಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ನನಗೆ ನಗು ಬರಲು ಆರು ತಿಂಗಳಾದರೂ ಬೇಕು. ಕೆಲವಕ್ಕೆ ಇನ್ನೂ ಬಂದಿಲ್ಲ.

ನನ್ನ ಗ್ಯಾರೇಜು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿದೆ. ಹೆದ್ದಾರಿಯ ದೊಡ್ಡ ಲಾರಿಗಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಪಾಲಿನವು ಸುತ್ತಲಿನ ಹಳ್ಳಿಗಳ ಜೀಪು, ವ್ಯಾನು, ತೊಗರಿ ಹೇರುವ ಪಿಕಪ್ಪು. ಅವುಗಳಲ್ಲೂ ನನ್ನದು ಕ್ಲಚ್ಚು ಮತ್ತು ಗೇರ್‌ಬಾಕ್ಸಿನ ಕೆಲಸ ಮಾತ್ರ.

ಈ ಕ್ಲಚ್ಚಿನ ಕೆಲಸದಷ್ಟು ಮೋಸದ ಕೆಲಸ ಇನ್ನೊಂದಿಲ್ಲ. ಮೊದಲು ಗೇರ್‌ಬಾಕ್ಸ್ ಬಿಚ್ಚಿ ಕೆಳಗಿಳಿಸಬೇಕು. ಆಗ ಇಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರದ ಚಕ್ರ ಕಾಣುತ್ತದೆ. ಅದಕ್ಕೆ ಹೊಸ ಕ್ಲಚ್ ಪ್ಲೇಟ್ ಆನಿಸಿ, ಅದರ ಮೇಲೆ ಮುಚ್ಚಳದಂಥ ಪ್ರೆಶರ್ ಪ್ಲೇಟ್ ಬಿಗಿದು, ಬೇರಿಂಗ್ ಕೂರಿಸಿ, ಗೇರ್‌ಬಾಕ್ಸನ್ನು ಮತ್ತೆ ಏರಿಸಬೇಕು. ಏರಿಸಿದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಒಳಗೆ ಎಡವಟ್ಟು ಮಾಡಿದ್ದೇವೋ ಇಲ್ಲವೋ ಎಂದು ಗೊತ್ತಾಗುವುದು ಎಲ್ಲ ಬೋಲ್ಟ್ ಬಿಗಿದು, ಕೈ ತೊಳೆದು, ಒಳಗೆ ಕೂತು ಪೆಡಲ್ ಒತ್ತಿದಾಗಲೇ. ತಪ್ಪಾಗಿದ್ದರೆ ಮತ್ತೆ ಮೊದಲಿನಿಂದ ಎಲ್ಲ ಬಿಚ್ಚಬೇಕು.

ಗೇರ್‌ಬಾಕ್ಸ್ ಒಬ್ಬನಿಂದ ಏಳುವುದಿಲ್ಲ. ಪಕ್ಕದ ಲೇಥ್ ಅಂಗಡಿಯ ಚಾಚಾ ಬಂದು ಭುಜ ಕೊಡುತ್ತಾರೆ. ಶುರುವಿನ ದಿನಗಳಲ್ಲಿ ಒಂದೇ ಜೀಪಿನ ಗೇರ್‌ಬಾಕ್ಸನ್ನು ಎರಡು ಸಲ ಇಳಿಸಿ ಏರಿಸಿದಾಗ ಅವರು ಸೊಂಟ ಹಿಡಿದುಕೊಂಡು, "ದೇಖೋ ಉಸ್ತಾದ್, ಒಂದು ಗಾಡಿಗಿ ಒಂದೇ ಸಲ ಬರ್ತೀನಿ. ಎರಡನೇ ಸಲಕ್ಕ ನಿಮ್ಮ ಮಾವನ್ನ ಕರಿ" ಅಂದರು. ಎದುರಿನ ಚಹಾದಂಗಡಿಯವರೆಲ್ಲ ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮರುದಿನವೇ ಪೇಂಟರನ್ನು ಕರೆಸಿ ತಗಡಿನ ಬೋರ್ಡ್ ಬರೆಸಿದೆ: 'ಇಲ್ಲಿ ಒಮ್ಮೆ ಇಳಿಸಿದ ಗೇರ್‌ಬಾಕ್ಸ್ ಮತ್ತೆ ಇಳಿಸುವುದಿಲ್ಲ.' ಬರೆಸಿದ್ದು ಸಾಲದೆಂದು ಎಲ್ಲರೆದುರು, "ನನ್ನ ತಪ್ಪಿಲಿಂದ ಎರಡನೇ ಸಲ ಇಳೀತು ಅಂದ್ರ ಈ ಬೋರ್ಡ್ ನನ್ನ ಕೈಯಾರೆ ಇಳಸ್ತೀನಿ" ಎಂದೂ ಹೇಳಿಬಿಟ್ಟೆ.

ಅಂದಿನಿಂದ ಚಾಚಾ ತಮ್ಮ ಕುರ್ಚಿಯನ್ನು ಬೋರ್ಡ್ ಕಾಣುವ ಹಾಗೆ ತಿರುಗಿಸಿ ಹಾಕಿಕೊಂಡಿದ್ದಾರೆ.

೧. ಲಟ್ಟಣಿಗೆ

ಕ್ಲಚ್ ಪ್ಲೇಟ್ ಸರಿಯಾಗಿ ನಟ್ಟನಡುವೆ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಗೇರ್‌ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ. ಪ್ಲೇಟನ್ನು ನಡುವಿಗೆ ಹಿಡಿಯಲು ಒಂದು ಪಿನ್ ಬೇಕು. ನನ್ನದು ಕಟ್ಟಿಗೆಯದು, ನಾರಾಯಣಪುರದ ಬಡಿಗ ಜಾಲಿಯ ಕಟ್ಟಿಗೆಯಲ್ಲಿ ಕಡೆದು ಕೊಟ್ಟದ್ದು. ಒಂದು ಕಡೆ ದಪ್ಪ, ನಡುವೆ ಸ್ವಲ್ಪ ತೆಳು, ತುದಿಗೆ ಮೂಗಿನ ಹಾಗೆ ಚೂಪು. ಕಳುವಾದೀತೆಂದು ಅದನ್ನು ದಿನಾ ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ.

ಒಂದು ದಿನ ಕೊಡಂಬಲದವರೊಬ್ಬರು ಜೀಪು ತಂದಿದ್ದರು. ಗೇರ್‌ಬಾಕ್ಸ್ ಇಳಿದಿತ್ತು. ಪ್ಲೇಟ್ ಕೈಯಲ್ಲಿ ಹಿಡಿದು ಚೀಲಕ್ಕೆ ಕೈ ಹಾಕಿದರೆ ಹೊರಗೆ ಬಂದದ್ದು ನನ್ನ ಹೆಂಡತಿಯ ಲಟ್ಟಣಿಗೆ. ಅವಳು ಪಿನ್ನಿನ ಜಿಡ್ಡು ನೋಡಲಾರದೆ ಸಾಬೂನು ಹಚ್ಚಿ ತಿಕ್ಕಿ, ಲಟ್ಟಣಿಗೆ ಇಡುವ ಬುಟ್ಟಿಯಲ್ಲೇ ಆರಲು ಇಟ್ಟು, ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿದ್ದಳು.

ಮನೆಗೆ ಹೋಗಿ ಬರುವಷ್ಟು ಪುರಸೊತ್ತು ಕೊಡಂಬಲದವರಿಗೆ ಇರಲಿಲ್ಲ. ನಾನು ಲಟ್ಟಣಿಗೆಯ ಹಿಡಿಕೆಗೆ ನಾಲ್ಕು ಸುತ್ತು ಟೇಪು ಸುತ್ತಿದೆ. ಅಳತೆ ಸರಿಯಾಗಿಯೇ ಬಂತು.

ಅವರು ಬಗ್ಗಿ ನೋಡಿ, "ಇದು ಲಟ್ಟಣಿಗಿ ಇದ್ದಂಗ ಅದಲ್ರಿ?" ಅಂದರು.

"ಹೊಸಾ ಮಾಡೆಲ್ ರಿ" ಅಂದೆ.

ಚಾಚಾ ಕನ್ನಡಕ ಏರಿಸಿ, "ಮಾಡೆಲ್‌ಗಿ ಎಳ್ಳು ಹತ್ತ್ಯಾವಲ್ಲ?" ಅಂದರು.

ಎಳ್ಳು ಒರೆಸಿ ಪ್ಲೇಟ್ ಬಿಗಿದೆ. ಗೇರ್‌ಬಾಕ್ಸ್ ಒಂದೇ ಏಟಿಗೆ ಏರಿತು. ಬೋರ್ಡಿನ ಮಾನ ಉಳಿಯಿತು ಎಂದು ಎದೆಯುಬ್ಬಿಸಿಕೊಂಡು ಮನೆಗೆ ಹೋದೆ. ತಾಟಿನಲ್ಲಿ ಚಪಾತಿ ಬಂದವು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎಲ್ಲದಕ್ಕೂ ನಡುವೆ ದುಂಡಗೆ ತೂತು.

"ಯಾಕ ಹಿಂಗ ಆಗ್ಯಾವ?" ಅಂದೆ.

"ನಿಮ್ಮ ಪಿನ್ನಿಲೆ ಲಟ್ಟಿಸೀನ್ರಿ. ಬೋಲ್ಟ್ ಹಾಕಿ ಬಿಗಿದು ತಿನ್ರಿ" ಅಂದಳು.

೨. ಬರಿದಾದ ಹಣೆ

ಕೊಹಿನೂರದಿಂದ ಒಂದು ಪಿಕಪ್ ಬಂದಿತ್ತು. ಗಾಡಿಯ ಜೊತೆ ಮಾಲೀಕನ ತಾಯಿಯೂ ಬಂದಿದ್ದರು. ಹಣೆತುಂಬ ವಿಭೂತಿ, ಸೊಂಟದಲ್ಲಿ ಒಂದು ಪುಟ್ಟ ಚೀಲ. ಮಗ ಬಜಾರಕ್ಕೆ ಹೋದ. ಆಯಿ ನನ್ನ ಕೆಲಸ ನೋಡುತ್ತ ಸ್ಟೂಲಿನ ಮೇಲೆ ಕೂತರು.

ಹೊಸ ಕ್ಲಚ್ ಪ್ಲೇಟನ್ನು ಡಬ್ಬಿಯಿಂದ ತೆಗೆದು, ಪೇಪರ್ ಹಾಸಿ ಅದರ ಮೇಲೆ ಇಟ್ಟೆ. ಈ ಪ್ಲೇಟಿಗೆ ಎಣ್ಣೆ ಅಂದರೆ ಆಗದು. ಒಂದು ಹನಿ ಬಿದ್ದರೂ ಜಾರುತ್ತದೆ, ಏರಿನಲ್ಲಿ ಗಾಡಿ ಗುರ್ರೆನ್ನುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಆದ್ದರಿಂದ ನಾನು ಪ್ಲೇಟ್ ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆಯುತ್ತೇನೆ. ಅಂದೂ ತೊಳೆಯಲು ಹೋದೆ. ಬಂದು ನೋಡಿದರೆ ಪ್ಲೇಟಿನ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಕುಂಕುಮ ಉದುರಬಾರದೆಂದು ಕೆಳಗೆ ಒಂದು ಬೊಟ್ಟು ಕೊಬ್ಬರಿ ಎಣ್ಣೆ. ಆಯಿ ಕೈ ಮುಗಿದು ಕಣ್ಣು ಮುಚ್ಚಿದ್ದರು.

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. "ಆಯಿ, ಏನ್ ಮಾಡಿದ್ರಿ ಇದು?"

"ಹೊಸಾದು ಅದಪ್ಪ. ಹಣಿ ಬರಿದು ಇಡಬಾರದು."

ಪೆಟ್ರೋಲ್ ಹಾಕಿ ಒರೆಸಿದೆ, ಉಜ್ಜುಕಾಗದದಿಂದ ತಿಕ್ಕಿದೆ, ಬಿಸಿಲಿಗೆ ಒಣಗಿಸಿದೆ. ಆಯಿಗೆ ಅಳುವೇ ಬಂತು. "ನಮ್ಮ ಮನಿ ಲಕ್ಷ್ಮಿ ಹಣಿ ಒರಸಿದ್ಯಲ್ಲೋ" ಅಂದರು. ನನಗೂ ಕೆಟ್ಟೆನಿಸಿತು. ಒಬ್ಬರ ಭಕ್ತಿಯನ್ನು ಪೆಟ್ರೋಲಿನಿಂದ ಒರೆಸುವುದು ಛಲೋ ಕೆಲಸವಲ್ಲ. "ಆಯಿ, ಈ ಪ್ಲೇಟ್ ಒಂದು ಬಿಡ್ರಿ. ಗೇರ್‌ಬಾಕ್ಸ್ ಏರಿಸಿದ ಮ್ಯಾಲ ಅದಕ್ಕ ಬೇಕಾದಷ್ಟು ಹಚ್ರಿ" ಎಂದು ಸಮಾಧಾನ ಮಾಡಿದೆ.

ಅವರು ಚೀಲದಿಂದ ಮತ್ತೆ ವಿಭೂತಿ ತೆಗೆದು, ಎದ್ದು ಬಂದು, ನನ್ನ ಹಣೆಗೆ ಕಿವಿಯಿಂದ ಕಿವಿಯವರೆಗೆ ಎಳೆದರು.

"ನನಗ ಯಾಕ್ರಿ ಆಯಿ?"

"ನಿಂದೂ ಖರೇ ಅದ. ತಪ್ಪು ಮಾಡಾದು ಪ್ಲೇಟ್ ಅಲ್ಲ, ಮಿಸ್ತ್ರಿ."

೩. ಉಳಿದದ್ದು ಒಂದು

ಕೆಲಸ ಮುಗಿದ ಮೇಲೆ ಟ್ರೇ ಖಾಲಿ ಇರಬೇಕು. ಒಂದು ಸಾಮಾನು ಉಳಿಯಿತೆಂದರೆ ಅದು ಯಾವುದೋ ಗಾಡಿಯ ಹೊಟ್ಟೆಯಲ್ಲಿ ಇರಬೇಕಾದದ್ದು.

ಒಂದು ಬೆಳಿಗ್ಗೆ ವ್ಯಾನೊಂದರ ಗೇರ್‌ಬಾಕ್ಸ್ ಏರಿಸಿ, ಬೋಲ್ಟ್ ಎಲ್ಲ ಬಿಗಿದು ಟ್ರೇ ನೋಡುತ್ತೇನೆ: ಹೆಬ್ಬೆರಳು ಗಾತ್ರದ, ಹೊಳೆಯುವ ಉಕ್ಕಿನ ಬುಶ್ ಒಂದು, ಪುಟ್ಟ ಕೊಳವೆಯಂಥದ್ದು, ಕೂತಿದೆ. ಇಂಥದ್ದು ಬಿಚ್ಚಿದ ನೆನಪಿಲ್ಲ. ಆದರೆ ಅಷ್ಟು ನುಣುಪಾದದ್ದು ರಸ್ತೆಯಿಂದ ಹಾರಿ ಬಂದು ಟ್ರೇಯಲ್ಲಿ ಕೂರುವುದೂ ಇಲ್ಲ.

ಚಾಚಾ ಚಹಾದ ಲೋಟ ಹಿಡಿದುಕೊಂಡು ಬಂದರು. ಬುಶ್ ನೋಡಿದರು, ಬೋರ್ಡ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ನಿಚ್ಚಣಿಕಿ ತರಲೇನು ಉಸ್ತಾದ್?"

"ಸುಮ್ಮನ ಇರ್ರಿ ಚಾಚಾ."

"ನಾ ಸುಮ್ಮನೇ ಇದ್ದೀನಿ. ಸಾಮಾನು ಎಲ್ಲಿ ಇಟ್ಟೀನಿ ಅಂತ ನೆನಪಿಲ್ದವ ಮಿಸ್ತ್ರಿ ಹ್ಯಾಂಗ ಆಗ್ತಾನ, ಅಷ್ಟೇ ಕೇಳಾಕತ್ತೀನಿ." ಕುರ್ಚಿ ಹತ್ತಿರ ಎಳೆದು ಕೂತೇ ಬಿಟ್ಟರು.

ನಾನು ಬೇರಿಂಗ್ ನೆನೆಸಿಕೊಂಡೆ, ಅದನ್ನು ತಳ್ಳುವ ಫೋರ್ಕ್ ನೆನೆಸಿಕೊಂಡೆ, ನೆಲದ ಮೇಲೆ ಚಿತ್ರ ಬರೆದೆ. ಬುಶ್ ಎಲ್ಲಿಯೂ ಹೊಂದುತ್ತಿಲ್ಲ. ಕೊನೆಗೆ ಸ್ಪ್ಯಾನರ್ ತೆಗೆದುಕೊಂಡು ವ್ಯಾನಿನ ಕೆಳಗೆ ಹೋದೆ. ಒಂದೊಂದೇ ಬೋಲ್ಟ್ ಬಿಚ್ಚಿದೆ. ಎರಡು ಉಳಿದವು. ಆ ಎರಡು ಬಿಚ್ಚಿದರೆ ಗೇರ್‌ಬಾಕ್ಸ್ ಇಳಿದ ಹಾಗೆ, ಅದು ಇಳಿದರೆ ಬೋರ್ಡ್ ಇಳಿದ ಹಾಗೆ. ನಾನು ವ್ಯಾನಿನ ಕೆಳಗೇ ಮಲಗಿಕೊಂಡು ಮನೆದೇವರನ್ನು ನೆನೆದೆ.

ಆಗ ಮೋಟರ್ ಸೈಕಲ್ ಒಂದು ಬಂದು ನಿಂತಿತು. ಕೆಳಗಿನಿಂದ ನನಗೆ ಕಂಡದ್ದು ಎರಡು ಚಪ್ಪಲಿ. "ಚಾಚಾ, ಹುಮನಾಬಾದಿಂದ ಬಂದೀನ್ರಿ. ನಿನ್ನೆ ಹೇಳಿದ್ನಲ್ಲ, ನನ್ನ ಬುಶ್ ತಯಾರಾತೇನ್ರಿ?" ಎಂದಿತು ಧ್ವನಿ.

"ಬೆಳಿಗ್ಗೆನೇ ಆಗ್ಯದ" ಅಂದರು ಚಾಚಾ. "ಚಹಾಕ್ಕ ಹೋಗೋ ಮುಂದ ಇಲ್ಲೇ ಎಲ್ಲೋ ಇಟ್ಟಿ…"

ಕುರ್ಚಿಯ ಸದ್ದಾಯಿತು. ಆಮೇಲೆ ಯಾರೋ ನನ್ನ ಟ್ರೇಯ ಕಡೆ ಬೆಕ್ಕಿನ ಹೆಜ್ಜೆ ಇಡುತ್ತ ಬಂದರು.

ನಾನು ವ್ಯಾನಿನ ಕೆಳಗಿನಿಂದಲೇ ಕೇಳಿದೆ: "ಚಾಚಾ, ಸಾಮಾನು ಎಲ್ಲಿ ಇಟ್ಟೀನಿ ಅಂತ ನೆನಪಿಲ್ದವ…"

"ನಕ್ಕೋ ಭಾಯ್, ಬ್ಯಾಡ" ಅಂದರು ಚಾಚಾ. "ಮುಂದಿಂದು ನನಗ ಬರ್ತದ."

೪. ಹಾಜರಿ

ಇಷ್ಟೆಲ್ಲ ಗಂಡಾಂತರ ದಾಟಿದ ಬೋರ್ಡಿಗೆ ಕೊನೆಗೆ ಕಂಟಕ ಬಂದದ್ದು ಹೆಡ್‌ಮಾಸ್ತರರ ರೂಪದಲ್ಲಿ.

ಅವರು ನನಗೆ ಶಾಲೆಯಲ್ಲಿ ಗಣಿತ ಕಲಿಸಿದವರು. ಕಲಿಸಿದರು ಅಷ್ಟೇ, ನಾನು ಕಲಿಯಲಿಲ್ಲ. ನಾನು ಹೆಚ್ಚಿನ ಗಣಿತವನ್ನು ಬೆಂಚಿನ ಮೇಲೆ ನಿಂತೇ ಕೇಳಿದ್ದೇನೆ. ರಿಟೈರ್ ಆಗಿ ಎಷ್ಟೋ ವರ್ಷಗಳಾದರೂ ಅವರ ಇಸ್ತ್ರಿ ಅಂಗಿ ಮತ್ತು ಧ್ವನಿ ಹಾಗೇ ಇವೆ. ಅವರ ಹಳೆಯ ವ್ಯಾನಿನ ಕ್ಲಚ್ ಸವೆದಿತ್ತು. ಅಂದು ಸಂಜೆ ಹುಮನಾಬಾದಿನಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ತೊಟ್ಟಿಲು ಅವರ ಮನೆಯಿಂದಲೇ ಹೋಗಬೇಕು, ಅದೂ ಇದೇ ವ್ಯಾನಿನಲ್ಲಿ. ಬೆಳಗಿನ ಬಿಸಿಲಿಗೇ ಬಂದು, "ತಮ್ಮಾ, ನಾಲ್ಕು ಗಂಟೆಕ್ಕ ಗಾಡಿ ಬೇಕು" ಅಂದರು.

"ಮೂರಕ್ಕೇ ಕೊಡ್ತೀನ್ರಿ ಸರ್" ಅಂದೆ. ಈ ಒಬ್ಬ ಮನುಷ್ಯನ ಎದುರಿಗಾದರೂ ನಾನು ಜಾಣ ಅನಿಸಿಕೊಳ್ಳಬೇಕಿತ್ತು.

ಗೇರ್‌ಬಾಕ್ಸ್ ಇಳಿಯಿತು. ಹೊಸ ಸಾಮಾನುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಮಾಸ್ತರರು ಮೊಬೈಲ್ ತೆಗೆದು ಪ್ರತಿಯೊಂದರ ಫೋಟೊ ಹೊಡೆದರು. "ಹಿಂದ ಒಬ್ಬ ಮಿಸ್ತ್ರಿ ಹಳೇ ಸಾಮಾನು ಹಾಕಿ ಮೋಸ ಮಾಡ್ಯಾನ. ನನಗ ಎಲ್ಲದಕ್ಕೂ ಪುರಾವೆ ಬೇಕು" ಅಂದರು. ಅಷ್ಟಕ್ಕೆ ಬಿಡದೆ ಹಾಜರಿ ತೆಗೆದುಕೊಳ್ಳಲು ಶುರು ಮಾಡಿದರು.

"ಕ್ಲಚ್ ಪ್ಲೇಟ್?"

"ಇಲ್ಲೇ ಅದ್ರಿ ಸರ್."

"ಹಾಂಗಲ್ಲ. ಹಾಜರ್ ಅನ್ನು."

"ಹಾಜರ್ ಸರ್."

"ಪ್ರೆಶರ್ ಪ್ಲೇಟ್? ಬೇರಿಂಗ್?"

"ಹಾಜರ್ ಸರ್. ಹಾಜರ್ ಸರ್." ಮೀಸೆ ಬೆಳ್ಳಗಾದ ನಾನು ರಸ್ತೆಬದಿಯಲ್ಲಿ ನಿಂತು ಒದರುತ್ತಿದ್ದೆ. ಚಹಾದಂಗಡಿಯಲ್ಲಿ ಎಲ್ಲರ ಲೋಟ ಬಾಯಿಯ ಹತ್ತಿರವೇ ನಿಂತಿದ್ದವು.

ನಾನು ಪ್ಲೇಟ್ ಎತ್ತಿಕೊಂಡೆ. ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ನಿಂದ್ರು. ಅದರ ಮ್ಯಾಲ ಇಂಗ್ಲಿಷಿನ್ಯಾಗ ಫ್ಲೈವೀಲ್ ಸೈಡ್ ಅಂತ ಬರದಾರ. ಯಾಕ?"

ಇದಕ್ಕೆ ನನಗೆ ಉತ್ತರ ಗೊತ್ತಿತ್ತು! "ಪ್ಲೇಟಿಗಿ ಉಲ್ಟಾ ಸುಲ್ಟಾ ಅದ್ರಿ ಸರ್. ಬರಹ ಇದ್ದ ಕಡಿ ಫ್ಲೈವೀಲಿಗಿ ಮಾರಿ ಮಾಡಬೇಕು. ಬರಹ ಒಳಗ ಹೋಗಬೇಕು, ನಮಗ ಕಾಣಬಾರದು."

ಮಾಸ್ತರರು ತಲೆಯಾಡಿಸಿದರು. "ಶಭಾಷ್" ಅಂದರು.

ಏಳನೇ ತರಗತಿಯವರೆಗೆ ಅವರ ಬಾಯಿಂದ ನನಗಾಗಿ ಬಾರದ ಮಾತು ಅದು. ನನಗೆ ಎಷ್ಟು ಖುಷಿಯಾಯಿತೆಂದರೆ ಕೈ ಏನು ಮಾಡುತ್ತಿದೆ ಎಂಬ ಖಬರೇ ಇರಲಿಲ್ಲ. ಪ್ಲೇಟ್ ಇಟ್ಟೆ, ಪಿನ್ ಸಿಕ್ಕಿಸಿದೆ. "ಇಲ್ಲಿ ನೋಡು" ಎಂದರು, ಹಲ್ಲು ಬಿಟ್ಟು ನೋಡಿದೆ, ಫೋಟೊ ಹೊಡೆದರು. ಪ್ರೆಶರ್ ಪ್ಲೇಟ್ ಬಿಗಿದೆ. ಚಾಚಾ ಭುಜ ಕೊಟ್ಟರು, ಗೇರ್‌ಬಾಕ್ಸ್ ಏರಿತು. ಮಧ್ಯಾಹ್ನದ ಒಂದು ಗಂಟೆ ಇನ್ನೂ ಹೊಡೆದಿರಲಿಲ್ಲ.

ಕೈ ತೊಳೆದು ವ್ಯಾನ್ ಹತ್ತಿದೆ. ಚಾಲೂ ಮಾಡಿ, ಕ್ಲಚ್ ಒತ್ತಿ, ಗೇರ್ ಹಾಕಿದೆ.

ಕರ್ರ್ರ್ರ್.

ಮತ್ತೆ ಒತ್ತಿ ಹಾಕಿದೆ. ಮತ್ತೆ ಅದೇ ಸದ್ದು. ಚಾಚಾನ ಲೇಥ್ ನಿಂತಿತು. ಒಳಗೊಳಗೇ ನನಗೆ ಗೊತ್ತಾಗಿಹೋಗಿತ್ತು. ಬಾಯಿ ಮಾತ್ರ ಒಪ್ಪಲಿಲ್ಲ.

"ಕೇಬಲ್ ಬಿಗಿ ಆಗಬೇಕ್ರಿ ಸರ್." ಬಿಗಿ ಮಾಡಿದೆ. ಕರ್ರ್ರ್.

"ಪ್ರೆಶರ್ ಪ್ಲೇಟೇ ಸರಿ ಇಲ್ರಿ ಸರ್. ಈಗಿನ ಸಾಮಾನು ಎಲ್ಲಾ ಹಿಂಗೇ."

ಮಾಸ್ತರರು ಮೊಬೈಲ್ ತೆಗೆದರು. ಒಂದು ಫೋಟೊ ಹುಡುಕಿ, ಎರಡು ಬೆರಳಿನಿಂದ ದೊಡ್ಡದು ಮಾಡಿ ನನ್ನ ಮುಖಕ್ಕೆ ಹಿಡಿದರು. "ಇದರಾಗ ನಿನ್ನ ಹಲ್ಲು ಭಾಳ ಛಂದ ಕಾಣಾಕತ್ಯಾವ. ಹಲ್ಲಿನ ಬಾಜುಕ ಏನು ಕಾಣಾಕತ್ತದ, ಓದು."

ಓದಿದೆ. "ಫ್ಲೈವೀಲ್ ಸೈಡ್ ರಿ ಸರ್."

"ಅದು ನಮಗ ಕಾಣಬೇಕೇನು?"

"ಕಾಣಬಾರದ್ರಿ ಸರ್."

ಉತ್ತರ ಗೊತ್ತಿದ್ದೂ ತಪ್ಪು ಮಾಡಿದ್ದೆ. ಕೊಹಿನೂರದ ಆಯಿ ನೆನಪಾದರು. ಈ ಸಲ ನನ್ನ ಹಣೆಗೆ ಮೂರೆಳೆ ಕಮ್ಮಿಯಾಗಿತ್ತು. ನಾಚಿಕೆಯಿಂದ ನೆಲ ನೋಡುತ್ತ ಹೋಗಿ ನಿಚ್ಚಣಿಕೆ ತಂದೆ. ಕೊಟ್ಟ ಮಾತು ಮಾತೇ. ಮೂರು ಮೆಟ್ಟಿಲು ಹತ್ತಿರಬೇಕು.

"ಇಳಿ ಕೆಳಗ!" ಹಳೆಯ ಧ್ವನಿ. "ಮೊದಲು ಗೇರ್‌ಬಾಕ್ಸ್ ಇಳಸು. ಬೋರ್ಡ್ ಆಮ್ಯಾಲ ಇಳಸೀ ಅಂತ. ಅಲ್ಲಿ ಕೂಸು ತೊಟ್ಟಿಲಕ್ಕ ಕಾಯಾಕತ್ತದ."

ಚಾಚಾ ಬಂದರು. ನಗಲಿಲ್ಲ, ಭುಜ ಕೊಟ್ಟರು. ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಾಸ್ತರರು ಸ್ಟೂಲ್ ಹತ್ತಿರ ಎಳೆದುಕೊಂಡರು. "ಈಗ ಕೆಲಸ ಮುಗಿಯೋತನಕ ಬಾಯಿಲೆ ಹೇಳ್ತಾ ಇರು: ಬರಹ ಒಳಗ, ಬರಹ ಒಳಗ."

ಹೇಳುತ್ತಲೇ ಬೋಲ್ಟ್ ಬಿಚ್ಚಿದೆ. ಹೇಳುತ್ತಲೇ ಪ್ಲೇಟ್ ತಿರುವಿ ಹಾಕಿದೆ, ಪಿನ್ ಸಿಕ್ಕಿಸಿದೆ, ಬಿಗಿದೆ. ನಿಲ್ಲಿಸಿದರೆ "ಕೇಳಸವಲ್ದು" ಎನ್ನುತ್ತಿದ್ದರು. ಗೇರ್‌ಬಾಕ್ಸ್ ಎತ್ತುವಾಗ ಚಾಚಾನೂ ಮರೆತು "ಬರಹ ಒಳಗ, ಭಾಯ್, ಬರಹ ಒಳಗ" ಎಂದು ಉಸಿರು ಬಿಡುತ್ತಿದ್ದರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗೇರ್ ಹಾಕಿದೆ. ಸದ್ದೇ ಇಲ್ಲದೆ ಕೂತಿತು. ಒಂದು ಸುತ್ತು ಹೊಡೆದು ಬಂದು ಬೀಗದಕೈಯನ್ನು ಮಾಸ್ತರರ ಕೈಯಲ್ಲಿಟ್ಟೆ.

ಆಮೇಲೆ ನಿಚ್ಚಣಿಕೆ ಹತ್ತಿ ಬೋರ್ಡ್ ಇಳಿಸಿದೆ. ಗೋಡೆಯ ಮೇಲೆ ಬೋರ್ಡಿನಷ್ಟೇ ಅಗಲದ ಬಿಳಿಯ ಜಾಗ ಉಳಿಯಿತು. ಬೋರ್ಡ್ ಎದೆಗೆ ಹಿಡಿದು ನಿಂತಿದ್ದ ನನಗೆ, ಸುಳ್ಳೇಕೆ ಹೇಳಲಿ, ಕಣ್ಣು ತುಂಬಿದ್ದವು.

ಮಾಸ್ತರರು ವ್ಯಾನಿನಿಂದ ತಲೆ ಹೊರಗೆ ಹಾಕಿದರು. "ಏನೋ ಅದು?"

"ಮಾತು ಕೊಟ್ಟಿದ್ನಿ ರಿ ಸರ್. ತಪ್ಪಾದ್ರ ಇಳಸ್ತೀನಿ ಅಂತ."

"ಇಳಸಿದ್ಯಲ್ಲ? ಮುಗೀತು. ಈಗ ತಿರುಗಿ ಹಚ್ಚು. ತಪ್ಪು ಮಾಡಿದವರನ್ನೆಲ್ಲ ನಾ ಹೆಸರು ಹೊಡದು ಹೊರಗ ಹಾಕಿದ್ರ ಸಾಲ್ಯಾಗ ಯಾರು ಉಳೀತಿದ್ರು? ನೀ ಅಂತೂ ಮೊದಲನೇ ದಿನಾನೇ ಹೋಗ್ತಿದ್ದಿ."

ಚಾಚಾ ಕೂಡ, "ಹಚ್ಚು ಉಸ್ತಾದ್. ಅದು ಇಲ್ದಿದ್ರ ನಾ ದಿನಾ ಏನು ನೋಡಲಿ?" ಅಂದರು.

ನನಗೆ ಜೀವ ಬಂದಂತಾಯಿತು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಒಂದೇ ಉಸಿರಿಗೆ ನಿಚ್ಚಣಿಕೆ ಹತ್ತಿದೆ. ಮಾಸ್ತರರ ಪಾಠ ಹತ್ತಿದ ಬಾಯಿ ಇನ್ನೂ ನಿಂತಿರಲಿಲ್ಲ, ತನ್ನ ಪಾಡಿಗೆ ತಾನು ಒಟಗುಟ್ಟುತ್ತಲೇ ಇತ್ತು. ನಾಲ್ಕೂ ಮೂಲೆಗೆ ನಾಲ್ಕು ಮೊಳೆ ಜಡಿದು, ಇಳಿದು ಬಂದು, ಮಾಸ್ತರರ ಎದುರು ಕೈ ಕಟ್ಟಿ ನಿಂತೆ.

ಅವರು ಬೋರ್ಡಿನ ಫೋಟೊ ಹೊಡೆದರು. ಮೊಬೈಲ್ ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೊಮ್ಮೆ ಬೋರ್ಡ್ ನೋಡಿದರು.

"ತಮ್ಮಾ, ಬರಹ ಎಲ್ಲಿ ಅದ?"

"ಒಳಗ ರಿ ಸರ್!" ಎಂದು ಒದರಿದೆ.

ಒದರಿದ ಮೇಲೆ ತಲೆ ಎತ್ತಿ ನೋಡಿದೆ. ಅಕ್ಷರಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ರಸ್ತೆಯ ಕಡೆಗೆ ಇದ್ದದ್ದು ತುಕ್ಕು ಹಿಡಿದ ಬರೀ ತಗಡು.

ಅಂದು ಹುಮನಾಬಾದಿನಲ್ಲಿ ಕೂಸಿನ ಹೆಸರು ಇಡುವ ಮೊದಲು ಅಜ್ಜ ಎಲ್ಲರಿಗೂ ಆ ಫೋಟೊ ತೋರಿಸಿದರಂತೆ. ಬೋರ್ಡ್ ಈಗಲೂ ಹಾಗೇ ಇದೆ. ಹೊಸ ಗಿರಾಕಿ ಯಾರಾದರೂ ಬಂದು, ಇದರ ಮೇಲೆ ಏನೂ ಬರೆದೇ ಇಲ್ಲವಲ್ಲ ಎಂದು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಚಾಚಾ ಕುರ್ಚಿಯಿಂದ ಹೇಳುತ್ತಾರೆ:

"ಬರದದ ರಿ. ನಮ್ಮ ಉಸ್ತಾದ ಅದನ್ನ ಫ್ಲೈವೀಲ್ ಸೈಡ್ ಹಚ್ಯಾನ."